ಮಿಜೋ ಜಿಲ್ಲಾ ಪರಿಷತ್ತೂ ಬಿದಿರಿನ ಕ್ಷಾಮವೂ

ಅತಿವೃಷ್ಟಿ, ಅನಾವೃಷ್ಟಿ, ಇಲಿ, ಮಿಡತೆ, ಗಿಳಿ, ಸಮೀಪದಲ್ಲಿ ದಂಡು ಬಿಟ್ಟಿರುವ ಅರಸರು - ಈ ಆರನ್ನೂ ಈತಿಬಾಧೆಗಳೆಂದು ನಮ್ಮ ಪ್ರಾಚೀನರು ಎಣಿಸಿರುವರು. ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಈ ಪಟ್ಟಿಯನ್ನು ಒಪ್ಪಿಸುತ್ತಿದ್ದಾಗ ಇಲಿಯ ಹೆಸರು ಬಂದೊಡನೆ ನಾವು ಹುಡುಗರು ನಗುವುದಿತ್ತು. ನಾಡನ್ನೇ ಮುಳುಗಿಸುವ ಮಳೆಯ ಪಕ್ಕದಲ್ಲಿ ಅಟ್ಟದ ಮೇಲೆ ಓಡಾಡುವ ಈ ಕ್ಷುದ್ರಜಂತುವಿಗೆ ಏನು ಸ್ಥಾನವೆಂದು ನಮಗೆ ತೋರುತ್ತಿತ್ತು. ಕೌಟಿಲ್ಯನಾದರೋ ನಗಲಿಲ್ಲ. 1909ರಲ್ಲಿ ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿ ಬೆಂಕಿ, ನೀರು, ವ್ಯಾಧಿ, ದುರ್ಭಿಕ್ಷಗಳ ಸಾಲಿನಲ್ಲಿಯೇ ಇಲಿಗಳೂ ದೈವಿಕವಾದ ಮಹಾಭಯಗಳೊಳಗೆ ಸೇರಿವೆ. ಅವುಗಳಿಗೆ ಪ್ರತೀಕಾರವನ್ನೂ ಅವನು ವಿಧಿಸುವನು: ಬೆಕ್ಕು ಮುಂಗುಸಿಗಳನ್ನು ಬಿಡಬೇಕು, ಅವನ್ನು ಹಿಡಿಯುವವರಿಗೂ ಕೊಲ್ಲುವವರಿಗೂ ದಂಡ ಹಾಕಬೇಕು, ಕಳ್ಳಿಯ ಹಾಲು ಸವರಿದ ಧಾನ್ಯವನ್ನು ಚೆಲ್ಲಬೇಕು, ಇಲ್ಲವಾದರೆ ಮೂಷಿಕಕರವನ್ನು ಹೇರಬೇಕು. ಪ್ರಜೆಗಳು ಇಷ್ಟಿಷ್ಟು ಇಲಿಗಳನ್ನು ಕೊಂದು ತಂದೊಪ್ಪಿಸಬೇಕೆಂಬುದೇ ಈ ಕೊನೆಯ ಮಾತಿನ ತಾತ್ಪರ್ಯವಿದ್ದಂತೆ ತೋರುವುದು. ಹೇಗಾದರೂ ಇರಲಿ, ಇಲಿಯ ಕಾಟವು ಅರಸನು ಮೊದಲೇ ಯೋಚಿಸಬೇಕಾದ ವಿಷಯವೆಂಬುದರಲ್ಲಿ ಅವನಿಗೆ ಸಂದೇಹವಿರಲಿಲ್ಲ.

ಈ ಪೀಠಿಕೆ ಏತಕ್ಕೆಂದರೆ, 1958ನೆಯ ಇಸವಿ ಅಕ್ಟೋಬರ್ 29ರಂದು ಅಸ್ಸಾಮಿನ ದಕ್ಷಿಣದ ಗುಡ್ಡಗಾಡಿನಲ್ಲಿದ್ದ ಮಿಜೋ ಜಿಲ್ಲಾ ಪರಿಷತ್ತು ಇಂಥದೇ ಒಂದು ಭಯವನ್ನು ಕುರಿತು ಗೊತ್ತುವಳಿಯೊಂದನ್ನು ಮಾಡಿ ಸರ್ಕಾರಕ್ಕೆ ವಿಜ್ಞಾಪಿಸಿತು. ಬಿದಿರು ಹೂ ಬಿಡುವ ಕಾಲವು ಸಮೀಪಿಸಿದೆ, ಅದರ ಹಿಂದೆಯೇ ಕ್ಷಾಮವು ಬರುವುದು ನಿಶ್ಚಯ, ಆದಕಾರಣ ಮುಂಚಿತವಾಗಿ 15 ಲಕ್ಷ ರೂಪಾಯಿಗಳನ್ನು ಕೊಡಬೇಕು ಎಂಬುದು ಅದರ ಸಾರ. ಬಿದಿರಿನ ಹೂವಿಗೂ ಬರಗಾಲಕ್ಕೂ ಸಂಬಂಧ ಕಲ್ಪಿಸುವುದು ವಿಜ್ಞಾನಸಮ್ಮತವಲ್ಲವೆಂದು ಅಸ್ಸಾಮಿನ ಸರ್ಕಾರವು ಅದನ್ನು ತಳ್ಳಿಹಾಕಿತು. ಮರುವರ್ಷ ಬಿದಿರು ಹೂ ಬಿಟ್ಟಿತು, ಕ್ಷಾಮವೂ ಬಂತು. ನಮ್ಮ ಇತಿಹಾಸಗ್ರಂಥಗಳಲ್ಲಿ ಮಿಜೋ ಜನರ ಪ್ರಸ್ತಾಪವು ಸಾಮಾನ್ಯವಾಗಿ 1966ರ ದಂಗೆಯಿಂದ ಮೊದಲಾಗುವುದು. ಎಂಟು ವರ್ಷ ಹಿಂದಿನ ಈ ಕಾಗದವನ್ನು ಒಂದು ವಾಕ್ಯದಲ್ಲಿ ದಾಟಿಬಿಡುವುದು ವಾಡಿಕೆ. ನಮಗೆ ಆ ಕಾಗದವೇ ವಿಚಾರಣೀಯವೆಂದು ತೋರಿದುದರಿಂದ ಅದರ ಪೂರ್ವೋತ್ತರಗಳನ್ನು ಇಲ್ಲಿ ಸಂಗ್ರಹಿಸಿದೆ.

ಹಿಂದೆ ಲುಷಾಯಿ ಬೆಟ್ಟಗಳೆಂದು ಪ್ರಸಿದ್ಧವಾಗಿದ್ದ ಈ ಪ್ರದೇಶವು ಪೂರ್ವಕ್ಕೆ ಬರ್ಮಾ, ಪಶ್ಚಿಮಕ್ಕೆ ಚಟ್ಟಗ್ರಾಮದ ಗುಡ್ಡಗಳು ಮತ್ತು ತ್ರಿಪುರ, ಉತ್ತರಕ್ಕೆ ಕಾಛಾರದ ಬಯಲು ಮತ್ತು ಮಣಿಪುರ ಇವುಗಳ ನಡುವೆ ಇದೆ. ಬೆಟ್ಟದ ಸಾಲುಗಳು ಉತ್ತರದಿಂದ ದಕ್ಷಿಣಕ್ಕೆ ಒಂದರ ಪಕ್ಕದಲ್ಲೊಂದು ಹಬ್ಬಿವೆ. ಊರುಗಳು ಅವುಗಳ ನೆತ್ತಿಯ ಮೇಲೆ. ಹಿಂದಿನಿಂದ ಬಂದ ಬೇಸಾಯವು ನಮ್ಮ ಮಲೆನಾಡಿನವರು ಕುಮರಿಯೆಂದು ಕರೆಯುವ ಕಡಿದು ಸುಡುವ ಬೇಸಾಯ. ಇಳಿಜಾರಿನ ಬಿದಿರನ್ನು ಕಡಿದು, ಒಣಗಿಸಿ, ಸುಟ್ಟು, ಆ ಬೂದಿಯಲ್ಲಿ ಭತ್ತವನ್ನು ಬಿತ್ತುವರು. ಹೊಲವೂ ಬಿದಿರಿನ ಕಾಡೂ ಅಲ್ಲಿ ಬೇರೆ ಬೇರೆಯಲ್ಲ. ಇಂದಿನ ಕಾಡು ನಾಳಿನ ಹೊಲ, ಇಂದಿನ ಹೊಲ ನಾಳಿನ ಕಾಡು. 1951ರ ಜನಗಣತಿಯಲ್ಲಿ ಅಲ್ಲಿಯ ಜನಸಂಖ್ಯೆ ಸುಮಾರು 1,96,000. 1961ರಲ್ಲಿ ಸುಮಾರು 2,66,000.

ಅಲ್ಲಿ ವಿಶೇಷವಾಗಿ ಬೆಳೆಯುವ ಬಿದಿರಿಗೆ ಮೌತಾಕ್ ಎಂದು ಹೆಸರು. ನಮ್ಮ ಹೆಬ್ಬಿದಿರು ಹೂ ಬಿಟ್ಟಾಗ ಗೋದಿಯನ್ನು ಹೋಲುವ ಸಣ್ಣ ಕಾಳುಗಳನ್ನು ಉದುರಿಸುವುದು. ಅದನ್ನು ಬಿದಿರಕ್ಕಿಯೆಂದು ಗುಡಿಸಿ ತಂದು ಬಡವರು ಬೇಯಿಸಿಕೊಳ್ಳುವುದೂ ಉಂಟು. ಬಿದಿರು ಹೂ ಬಿಟ್ಟರೆ ಬರ ಬರುವುದೆಂದು ನಮ್ಮ ಕಡೆಯ ಹಿರಿಯರೂ ಹೇಳುತ್ತಿದ್ದರು. ಮೌತಾಕಿನ ಫಲವಾದರೋ ಕಾಳಲ್ಲ, ತಿರುಳು ತುಂಬಿದ, ಸೀಬೆಯಷ್ಟು ದಪ್ಪನೆಯ ಕಾಯಿ. ಸುಮಾರು ನಾಲ್ವತ್ತೆಂಟು ವರ್ಷಗಳಿಗೊಮ್ಮೆ ಬೆಟ್ಟಕ್ಕೆ ಬೆಟ್ಟವೇ ಒಟ್ಟಿಗೆ ಹೂ ಬಿಟ್ಟು, ಕಾಯಿ ಉದುರಿಸಿ, ಬುಡಸಹಿತ ಸಾಯುವುದು. ಫಲಿಸಿದ ಬಿದಿರು ಉಳಿಯದೆಂಬುದು ಸಂಸ್ಕೃತ ಕವಿಗಳಿಗೆ ಬಹು ಪರಿಚಿತವಾದ ಉಪಮಾನ. ಆದರೆ ಆ ಫಲವನ್ನು ತಿಂದವರು ಯಾರು, ತಿಂದು ಏನಾದರು ಎಂಬುದನ್ನು ನಮ್ಮ ಕವಿಗಳು ವಿಚಾರಿಸಿದಂತೆ ಕಾಣೆ. ಮಿಜೋ ಬೆಟ್ಟಗಳಲ್ಲಿ ಅದನ್ನು ತಿನ್ನುವುವು ಇಲಿಗಳು. ನೆಲದ ತುಂಬ ಹಾಸಿಬಿದ್ದ ಆಹಾರದಿಂದ ಅವು ಮರಿಯ ಮೇಲೆ ಮರಿ ಹಾಕಿ ಅಸಂಖ್ಯವಾಗುವುವು. ಉಳಿದ ಕಾಯಿಗಳು ಮೊಳೆತು ಗಿಡವಾದೊಡನೆ ಕಾಡಿನಲ್ಲಿ ತಿನ್ನಲು ಏನೂ ಉಳಿಯದೆ, ತೆನೆಗಟ್ಟಿ ನಿಂತ ಭತ್ತದ ಮೇಲೆ ರಾತ್ರಿಯಲ್ಲಿ ಬೀಳುವುವು. ಸಂಜೆ ಕೊಯ್ಲಿಗೆ ಬಂದಿದ್ದ ಹೊಲವು ಬೆಳಗಾಗುವಷ್ಟರಲ್ಲಿ ಹುಲ್ಲಾಗಿರುವುದು. ಕಣಜಕ್ಕೆ ಸೇರಿದ ಧಾನ್ಯಕ್ಕೂ ರಕ್ಷಣೆಯಿಲ್ಲ. ಇದಕ್ಕೆ ಮೌತಾಮ್ ಎಂದು ಹೆಸರು. ಬಿದಿರಿನ ಸಾವು ಎಂದು ಅರ್ಥ ಹೇಳುವರು.

ಇನ್ನೊಂದು ಜಾತಿಯ ಬಿದಿರು ಹೂ ಬಿಟ್ಟಾಗ ಬರುವ ಕ್ಷಾಮಕ್ಕೆ ಥಿಂಗ್ತಾಮ್ ಎಂದು ಹೆಸರು. ಇವೆರಡರ ಕಾಲಗಣನೆಯು ಗಮನಿಸತಕ್ಕದ್ದು. ಮೌತಾಮ್ 1862-63ರ ಸುಮಾರಿಗೆ ಬಂತು, ಥಿಂಗ್ತಾಮ್ 1881ರಲ್ಲಿ, ಮತ್ತೆ ಮೌತಾಮ್ 1911ರಲ್ಲಿ, ಮತ್ತೆ ಥಿಂಗ್ತಾಮ್ 1929ರಲ್ಲಿ. ಮೌತಾಮಿನಿಂದ ಥಿಂಗ್ತಾಮಿಗೆ ಸುಮಾರು ಹದಿನೆಂಟು ವರ್ಷ, ಥಿಂಗ್ತಾಮಿನಿಂದ ಮೌತಾಮಿಗೆ ಸುಮಾರು ಮೂವತ್ತು. 1929ಕ್ಕೆ ಮೂವತ್ತನ್ನು ಕೂಡಿಸಿದರೆ 1959. ಪಂಚಾಂಗದ ಗಣಿತವನ್ನು ಅಭ್ಯಾಸಮಾಡಿದವರಿಗೆ ಇದು ಏನೂ ಕಷ್ಟದ ಲೆಕ್ಕವಲ್ಲ. ಮಿಜೋ ಭಾಷೆಗೆ ಲಿಪಿ ಬಂದುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಪಾದ್ರಿಗಳ ಮೂಲಕ. ಅದಕ್ಕೆ ಮುಂಚಿನ ಗಣನೆಯೆಲ್ಲವೂ ಮುದುಕರ ನೆನಪಿನಲ್ಲಿ ನಿಂತದ್ದು. ಒಬ್ಬ ಮನುಷ್ಯನು ತನ್ನ ಆಯುಸ್ಸಿನಲ್ಲಿ ಮೌತಾಮನ್ನು ಒಮ್ಮೆ, ಬಹಳವೆಂದರೆ ಎರಡು ಬಾರಿ, ಕಾಣಬಲ್ಲನು. ಹಾಗಿರುವಲ್ಲಿ ಎರಡು ಜಾತಿಯ ಬಿದಿರುಗಳ ಎರಡು ಆವರ್ತನಗಳನ್ನು ಬೆರಸದೆ, ತಲೆಮಾರಿನಿಂದ ತಲೆಮಾರಿಗೆ ಒಪ್ಪಿಸಿಕೊಂಡು ಬಂದ ಆ ಜನರ ಶ್ರದ್ಧೆಯನ್ನು ವೇದಪಾಠದ ಪರಂಪರೆಯಲ್ಲಿ ಬೆಳೆದ ನಾವು ಲಘುವಾಗಿ ಕಾಣಲಾಗದು.

ಹೀಗೆ ನೆನಪಿಟ್ಟವರು ಮಿಜೋಗಳು ಮಾತ್ರವೇ ಅಲ್ಲ. 1881ರಲ್ಲಿ ಹಸಿವಿನಿಂದ ಕಂಗಾಲಾದ ಲುಷಾಯಿಗಳು ಕಾಛಾರದ ಬಯಲಿಗೆ ಇಳಿದು ಬಂದು ಅಕ್ಕಿಯನ್ನು ಬೇಡಿದರು. ಹತ್ತು ವರ್ಷಗಳ ಹಿಂದೆ, 1871-72ರಲ್ಲಿ, ಅವರ ಮೇಲೆ ದಂಡೆತ್ತಿ ಹೋಗಿದ್ದ ಬ್ರಿಟಿಷ್ ಸರ್ಕಾರವೇ ಈಗ ಧಾನ್ಯವನ್ನು ಕೊಡಿಸಿತು. ಈ ವೃತ್ತಾಂತವೆಲ್ಲ ಸರ್ಕಾರದ ಕಾಗದಪತ್ರಗಳಲ್ಲಿ ದಾಖಲಾಗಿದೆ. 1911ರ ಕ್ಷಾಮದ ವೇಳೆಗೆ ಬೆಟ್ಟಗಳು ಬ್ರಿಟಿಷರ ಆಡಳಿತಕ್ಕೆ ಸೇರಿದ್ದುವು. ಆಗಲೂ ಸರ್ಕಾರವು ಅಕ್ಕಿಯನ್ನು ತರಿಸಿ ಸಾಲವಾಗಿ ಹಂಚಿತು. 1958ರಲ್ಲಿ ಪರಿಷತ್ತಿನ ಗೊತ್ತುವಳಿಯನ್ನು ಓದಿದ ಅಧಿಕಾರಿಗಳು ಬಿದಿರಿನ ಮಾತನ್ನು ನಂಬದಿದ್ದರೆ ಹೋಗಲಿ, ತಮ್ಮ ಕಚೇರಿಯ ಹಳೆಯ ಕಡತಗಳನ್ನಾದರೂ ತೆರೆದು ನೋಡಬಹುದಾಗಿತ್ತು.

ಇನ್ನು ಈ ಪರಿಷತ್ತು ಯಾವುದು, ಅದಕ್ಕೆ ಏನಧಿಕಾರವಿತ್ತು ಎಂಬುದನ್ನು ನೋಡೋಣ. ಪೂರ್ವದಲ್ಲಿ ಪ್ರತಿಯೊಂದು ಮಿಜೋ ಊರಿಗೂ ಲಾಲ್ ಎಂಬ ಒಡೆಯನಿದ್ದನು. ಅವನಿಗೆ ಉಪಾ ಎಂಬ ಹಿರಿಯರ ಸಭೆಯ ನೆರವಿತ್ತು. ಬ್ರಿಟಿಷರು ಈ ಒಡೆಯರನ್ನು ಹಾಗೆಯೇ ಉಳಿಸಿ, ಮೇಲೊಬ್ಬ ಸೂಪರಿಂಟೆಂಡೆಂಟನನ್ನು ಕೂರಿಸಿ, 1935ರ ಶಾಸನದಲ್ಲಿ ಬೆಟ್ಟಗಳನ್ನು ಪ್ರತ್ಯೇಕಿತ ಪ್ರದೇಶವೆಂದು ಹೊರಗಿಟ್ಟರು. ಅಸ್ಸಾಮಿನ ಶಾಸನಸಭೆಯಲ್ಲಿ ಅಲ್ಲಿಯ ಜನರ ಪರವಾಗಿ ಮಾತನಾಡುವವರು ಯಾರೂ ಇರಲಿಲ್ಲ. 1946ರ ಏಪ್ರಿಲಿನಲ್ಲಿ ಮಿಜೋ ಯೂನಿಯನ್ ಎಂಬ ಪಕ್ಷವು ಹುಟ್ಟಿತು. ಒಡೆಯರ ಬಿಟ್ಟಿ ಕಾಣಿಕೆಗಳಿಂದ ಬೇಸತ್ತ ಸಾಮಾನ್ಯರ ಪಕ್ಷ ಅದು. ಭಾರತದಲ್ಲಿ ಸೇರಿ ಸ್ವಾಯತ್ತತೆಯನ್ನು ಪಡೆಯಬೇಕೆಂಬುದು ಅದರ ಬಹುಮತದ ಅಭಿಪ್ರಾಯ. ಬರ್ಮಾದೊಡನೆ ಸೇರುವುದು ಲೇಸೆಂದ ಇನ್ನೊಂದು ಪಕ್ಷವೂ 1947ರಲ್ಲಿ ಹುಟ್ಟಿತ್ತು. ಅದಕ್ಕೆ ಜನಬೆಂಬಲವು ಕಡಮೆ.

1947ರಲ್ಲಿ ಸಂವಿಧಾನಸಭೆಯು ನೇಮಿಸಿದ ಉಪಸಮಿತಿಯು ಗೋಪೀನಾಥ ಬರ್ದೋಲೈ ಅವರ ಅಧ್ಯಕ್ಷತೆಯಲ್ಲಿ ಬೆಟ್ಟದ ಜಿಲ್ಲೆಗಳನ್ನು ಸಂಚರಿಸಿ ಅಭಿಪ್ರಾಯಗಳನ್ನು ಸಂಗ್ರಹಿಸಿತು. ಖಾಸಿ ನಾಯಕರಾದ ಪಾದ್ರಿ ನಿಕೋಲ್ಸ್ ರಾಯ್ ಅವರು ಅದರ ಸದಸ್ಯರಲ್ಲೊಬ್ಬರು. ಲುಷಾಯಿ ಬೆಟ್ಟಗಳ ಮಟ್ಟಿಗೆ ಸಪ್ರೌಂಗಾ, ಖೌತಿನ್‌ಖುಮಾ ಎಂಬಿಬ್ಬರನ್ನು ಜೊತೆಗೆ ಸೇರಿಸಿಕೊಂಡರು. ಇದರ ಫಲವೇ ಸಂವಿಧಾನದ ಆರನೆಯ ಅನುಸೂಚಿ. 1949ರ ಸೆಪ್ಟೆಂಬರಿನಲ್ಲಿ ಅದು ಚರ್ಚೆಗೆ ಬಂದಾಗ ಅಸ್ಸಾಮಿನವರೇ ಆದ ಕುಲಧರ ಚಾಲಿಹಾ ಅವರು ಇದರಿಂದ ಬೆಟ್ಟದವರು ಬೇರೆಯಾಗಿಯೇ ಉಳಿದುಬಿಡುವರೆಂದು ಕಟುವಾಗಿ ವಿರೋಧಿಸಿದರು. ನಿಕೋಲ್ಸ್ ರಾಯ್ ಅವರು, ಬೆಟ್ಟದವರನ್ನು ಹತ್ತಿರಕ್ಕೆ ತರಬೇಕಾದರೆ ಬಲಾತ್ಕಾರದಿಂದಲ್ಲ, ಅವರ ಪದ್ಧತಿಗಳನ್ನು ಗೌರವಿಸುವುದರಿಂದ ಮಾತ್ರ ಸಾಧ್ಯವೆಂದು ಸಮರ್ಥಿಸಿದರು. ಎರಡು ಪಕ್ಷಗಳೂ ಪರಿಷತ್ತುಗಳಿಗೆ ಎಷ್ಟು ಅಧಿಕಾರ ಕೊಡಬೇಕೆಂಬುದನ್ನೇ ಹಿಡಿದು ವಾದಿಸಿದುವು. ಪರಿಷತ್ತು ಒಂದು ಮಾತನ್ನು ಹೇಳಿದರೆ ಅದನ್ನು ಕೇಳಿ ಉತ್ತರ ಕೊಡುವ ಹೊಣೆ ಯಾರದೆಂಬ ಪ್ರಶ್ನೆಯು ಆ ಅನುಸೂಚಿಯಲ್ಲಿ ಸ್ಥಾನ ಪಡೆಯಲಿಲ್ಲ.

1952ರಲ್ಲಿ ಐಜಾಲಿನಲ್ಲಿ ಜಿಲ್ಲಾ ಪರಿಷತ್ತು ಸ್ಥಾಪಿತವಾಯಿತು. (1954ರಲ್ಲಿ ಲುಷಾಯಿ ಬೆಟ್ಟಗಳ ಜಿಲ್ಲೆಯೆಂಬ ಹೆಸರು ಹೋಗಿ ಮಿಜೋ ಜಿಲ್ಲೆಯೆಂದಾಯಿತು. ನಮ್ಮ ಕಡೆ ಮುಂದೆ ಅದೇ ಹೆಸರಿನಿಂದ ಬಂದ ಜಿಲ್ಲಾ ಪರಿಷತ್ತುಗಳೊಡನೆ ಇದನ್ನು ಬೆರಸಬಾರದು.) ಸದಸ್ಯರು ಇಪ್ಪತ್ತನಾಲ್ವರಿಗೆ ಮೀರಕೂಡದು, ಅವರಲ್ಲಿ ಮುಕ್ಕಾಲು ಪಾಲಾದರೂ ವಯಸ್ಕರ ಮತದಿಂದ ಆರಿಸಲ್ಪಟ್ಟವರಾಗಿರಬೇಕು ಎಂಬುದು ಆಗಿನ ನಿಯಮ. ಭೂಮಿ, ಮೀಸಲಲ್ಲದ ಕಾಡು, ಕುಮರಿ ಬೇಸಾಯ, ಊರಿನ ಸಭೆಗಳು, ದಾಯಭಾಗ, ವಿವಾಹ, ಸಾಮಾಜಿಕ ಆಚಾರಗಳು - ಇವುಗಳ ವಿಷಯವಾಗಿ ರಾಜ್ಯಪಾಲರ ಒಪ್ಪಿಗೆ ಪಡೆದು ಶಾಸನ ಮಾಡುವ ಅಧಿಕಾರವು ಪರಿಷತ್ತಿಗೆ ಇತ್ತು. ಈ ಅಧಿಕಾರವನ್ನು ಅದು ಕಾಗದದ ಮೇಲೆ ಬಿಡಲಿಲ್ಲ. 1953ರಲ್ಲಿ ಗ್ರಾಮಪರಿಷತ್ತುಗಳ ಶಾಸನವನ್ನು ಮಾಡಿತು. 1954ರಲ್ಲಿ ಅಸ್ಸಾಮಿನ ಶಾಸನದ ಮೂಲಕ ಇನ್ನೂರೈವತ್ತಕ್ಕೂ ಹೆಚ್ಚು ಒಡೆಯರ ಹಕ್ಕುಗಳು ಕೊನೆಗಂಡು, ಊರಿನ ಆಡಳಿತವು ಜನರು ಆರಿಸಿದ ಈ ಸಭೆಗಳಿಗೆ ಬಂತು. ಶತಮಾನಗಳ ಒಡೆತನವು ರಕ್ತಪಾತವಿಲ್ಲದೆ ಎರಡು ವರ್ಷಗಳೊಳಗೆ ಮುಗಿದುದು ಸಾಮಾನ್ಯವಾದ ಸಂಗತಿಯಲ್ಲ.

ಆದರೆ ಇಲ್ಲಿಯೇ ಒಂದು ಸೂಕ್ಷ್ಮವಿದೆ. ಒಡೆಯನು ಇದ್ದಾಗ, ಬರ ಬಂದರೆ ಅವನ ಕಣಜವೆಂಬುದೊಂದು ಇತ್ತು; ಪ್ರತಿ ಮನೆಯಿಂದ ಅವನು ಭತ್ತದ ಕಾಣಿಕೆಯನ್ನು ಎತ್ತುತ್ತಿದ್ದನು, ಅನಾಥರು ಅವನ ಮನೆಯಲ್ಲಿ ಆಶ್ರಯವನ್ನು ಪಡೆಯುತ್ತಿದ್ದರು. ಆ ಆಶ್ರಯಕ್ಕೆ ದಾಸ್ಯವೇ ಬೆಲೆಯಾಗುತ್ತಿತ್ತೆಂಬುದೂ ನಿಜ. ಅದನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಒಡೆತನದ ಜೊತೆಗೆ ಅದೂ ಹೋಯಿತು, ಅದರ ಜಾಗಕ್ಕೆ ಬಂದ ಪರಿಷತ್ತಿಗೆ ಕ್ಷಾಮನಿವಾರಣೆಯ ಬೊಕ್ಕಸವಿರಲಿಲ್ಲ. ಭೂಕಂದಾಯ ಮತ್ತು ಕೆಲವು ಸಣ್ಣ ತೆರಿಗೆಗಳು ಅದರ ವರಮಾನ. ಕೇಂದ್ರ ಸರ್ಕಾರವು ಈ ಪ್ರದೇಶಗಳಿಗಾಗಿ ಕೊಡುವ ಹಣವು ಸಂವಿಧಾನದ 275ನೆಯ ಅನುಚ್ಛೇದದ ಪ್ರಕಾರ ಅಸ್ಸಾಂ ರಾಜ್ಯಕ್ಕೆ ಸಲ್ಲುತ್ತಿತ್ತೇ ಹೊರತು ನೇರವಾಗಿ ಪರಿಷತ್ತುಗಳಿಗಲ್ಲ. ದೆಹಲಿಯ ಲೋಕಸಭೆಯಲ್ಲಿ ಬೆಟ್ಟದ ಸ್ವಾಯತ್ತ ಜಿಲ್ಲೆಗಳಿಗೆಲ್ಲ ಸೇರಿ ಒಂದೇ ಸ್ಥಾನ. ಹೀಗಾಗಿ ಐಜಾಲಿನ ಮಾತು ದೆಹಲಿಯನ್ನು ಮುಟ್ಟಬೇಕಾದರೆ ಶಿಲ್ಲಾಂಗಿನ ಬಾಗಿಲಿನಿಂದಲೇ ಹೋಗಬೇಕು. ಶಿಲ್ಲಾಂಗು ಆಗ ಅಸ್ಸಾಮಿನ ರಾಜಧಾನಿ. ಆ ಬಾಗಿಲು ಮುಚ್ಚಿದರೆ ಬೇರೆ ದಾರಿಯಿಲ್ಲ.

ಈಗ 1958ರ ಗೊತ್ತುವಳಿಗೆ ಬರುವೆವು. ಅದರಲ್ಲಿ ಕೇಳಿದ್ದು ಪರೀಕ್ಷಾರ್ಥವಾದ ಪರಿಹಾರಕಾರ್ಯಗಳಿಗೆ ಹಣ. ಈ ಪದವನ್ನು ಪರಿಷತ್ತಿನವರು ಸುಮ್ಮನೆ ಬಳಸಿದವರಲ್ಲ. ಬ್ರಿಟಿಷರ ಕಾಲದ ಕ್ಷಾಮಸಂಹಿತೆಗಳಲ್ಲಿ ಅದೊಂದು ಪಾರಿಭಾಷಿಕ ಶಬ್ದ: ಕ್ಷಾಮವು ನಿಜವಾಗಿ ಬಂದಿದೆಯೋ ಇಲ್ಲವೋ ಎಂದು ತಿಳಿಯಲು ಮೊದಲು ಸ್ವಲ್ಪ ಕೂಲಿಯ ಕೆಲಸಗಳನ್ನು ತೆರೆದು, ಎಷ್ಟು ಜನ ಬರುವರೆಂದು ನೋಡುವುದು. ಅಂದರೆ ಪರಿಷತ್ತು ತನ್ನ ಜನರ ತಿಳಿವಳಿಕೆಯನ್ನು ಸರ್ಕಾರದ ಪರಿಭಾಷೆಗೆ ತಿರುಗಿಸಿ, ಸರ್ಕಾರದ ನಿಯಮಕ್ಕೆ ಹೊಂದುವಂತೆ ಬರೆದು ಕಳುಹಿಸಿತು. ಕೇಳಿದ ಮೊತ್ತವನ್ನು ಅಂದಿನ ಜನಸಂಖ್ಯೆಗೆ ಭಾಗಿಸಿದರೆ ತಲೆಗೆ ಆರು ರೂಪಾಯಿಯ ಆಸುಪಾಸಿಗೆ ಬರುವುದು. ಇನ್ನೊಂದು ಅಂಶವನ್ನೂ ಗಮನಿಸಬೇಕು. ಜಿಲ್ಲೆಯ ದಕ್ಷಿಣದಲ್ಲಿ ಪಾವಿ, ಲಾಖೇರ್, ಚಕ್ಮಾ ಎಂಬ ಬೇರೆ ಭಾಷೆಗಳ ಜನರಿಗಾಗಿ 1953ರಲ್ಲಿಯೇ ಪಾವಿ-ಲಾಖೇರ್ ಪ್ರಾದೇಶಿಕ ಪರಿಷತ್ತೊಂದು ಪ್ರತ್ಯೇಕವಾಗಿ ಏರ್ಪಟ್ಟಿತ್ತು. ಜಿಲ್ಲಾ ಪರಿಷತ್ತು ತನ್ನ ಬೇಡಿಕೆಯಲ್ಲಿ ಆ ಪ್ರದೇಶವನ್ನೂ ಸೇರಿಸಿಯೇ ಕೇಳಿತು. ಇಲಿಗಳು ಪರಿಷತ್ತುಗಳ ಗಡಿಯನ್ನು ನೋಡುವುದಿಲ್ಲವಷ್ಟೆ.

ಕ್ಷಾಮಸಂಹಿತೆಗಳ ಕರ್ತರು ಕಂಡ ಕ್ಷಾಮವು ಮಳೆ ತಪ್ಪಿದ್ದರಿಂದ ಬರುವ ಬಯಲುಸೀಮೆಯ ಕ್ಷಾಮ. ಮಳೆ ಹೋಗುವುದು, ಧಾರಣೆ ಏರುವುದು, ಜನ ಗುಳೆ ಏಳುವುದು - ಇವೇ ಅವರ ಲಕ್ಷಣಗಳು. ಮಳೆ ಸಮೃದ್ಧಿಯಾಗಿ, ಬೆಟ್ಟಗಳು ಹಸುರಾಗಿ, ಹೊಲದಲ್ಲಿ ತೆನೆ ತೂಗುತ್ತಿರುವಾಗ ಬರುವ ಕ್ಷಾಮಕ್ಕೆ ಅವರ ಲಕ್ಷಣಗ್ರಂಥದಲ್ಲಿ ಸ್ಥಾನವಿರಲಿಲ್ಲ. ಸರ್ಕಾರದ ನಿರಾಕರಣೆಗೆ ತಾತ್ಸಾರದಷ್ಟೇ ಇದೂ ಕಾರಣವಿರಬೇಕೆಂದು ನಮ್ಮ ಊಹೆ.

ಅವಿಜ್ಞಾನವೆಂಬ ಆಕ್ಷೇಪವನ್ನೂ ಶಾಸ್ತ್ರದೃಷ್ಟಿಯಿಂದ ಪರೀಕ್ಷಿಸಬಹುದು. ಎರಡು ಸಂಗತಿಗಳು ಒಂದಾದ ಮೇಲೊಂದು ನಡೆದ ಮಾತ್ರದಿಂದ ಕಾರ್ಯಕಾರಣಭಾವವು ಸಿದ್ಧಿಸುವುದಿಲ್ಲ. ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋಗಬಹುದು. ಸರ್ಕಾರದವರ ಆಕ್ಷೇಪವು ಈ ಕಾಕತಾಳೀಯ ನ್ಯಾಯವೇ. ಅದು ನಿರರ್ಥಕವಾದ ಆಕ್ಷೇಪವಲ್ಲ. ನೈಯಾಯಿಕನು ಮೊದಲು ಕೇಳುವುದೂ ಅದನ್ನೇ. ಆದರೆ ಕೇಳಿದ ಮೇಲೆ ಉತ್ತರಕ್ಕೆ ಕಾಯಬೇಕು. ಮೊದಲನೆಯದಾಗಿ ಇಲ್ಲಿ ಭೂಯೋದರ್ಶನವಿದೆ: ಒಂದು ಶತಮಾನದೊಳಗೆ ಎರಡು ಮೌತಾಮ್, ಎರಡು ಥಿಂಗ್ತಾಮ್, ನಾಲ್ಕರಲ್ಲಿಯೂ ಹೂವಿನ ಹಿಂದೆಯೇ ಹಸಿವು. ಎರಡನೆಯದಾಗಿ, ಹೂವಿನಿಂದ ಹಸಿವಿಗೆ ಹೋಗುವ ದಾರಿಯು ಗುಪ್ತವಾದುದಲ್ಲ. ಹೂವಿನಿಂದ ಕಾಯಿ, ಕಾಯಿಯಿಂದ ಇಲಿ, ಇಲಿಯಿಂದ ಬೆಳೆಯ ನಾಶ - ನಡುವಿನ ಪ್ರತಿಯೊಂದು ಮೆಟ್ಟಿಲೂ ಪ್ರತ್ಯಕ್ಷಗೋಚರ. ಮೂರನೆಯದಾಗಿ ಆಪ್ತವಾಕ್ಯ. ಆಪ್ತನೆಂದರೆ ಕಂಡದ್ದನ್ನು ಕಂಡ ಹಾಗೆ ಹೇಳುವವನು. ಋಷಿ, ಆರ್ಯ, ಮ್ಲೇಚ್ಛರೆಲ್ಲರಿಗೂ ಈ ಲಕ್ಷಣವು ಸಮಾನವೆಂದು ವಾತ್ಸ್ಯಾಯನನು ನ್ಯಾಯಭಾಷ್ಯದಲ್ಲಿ ಸ್ಪಷ್ಟಪಡಿಸಿರುವನು. 1911ರಲ್ಲಿ ಹುಡುಗರಾಗಿದ್ದು ಮೌತಾಮನ್ನು ಕಂಡವರು 1958ರಲ್ಲಿ ಮುದುಕರಾಗಿ ಬದುಕಿದ್ದರು. ಅವರನ್ನು ಕರೆಸಿ ಕೇಳಲು ಒಂದು ದಿನವೂ ಬೇಕಿರಲಿಲ್ಲ.

1959ರಲ್ಲಿ ಬಿದಿರು ಹೂ ಬಿಟ್ಟಿತು. ಇಲಿಯೊಂದಕ್ಕೆ ಇಷ್ಟೆಂದು ಸರ್ಕಾರವು ಆಮೇಲೆ ಬಹುಮಾನವನ್ನು ಗೊತ್ತುಮಾಡಿತು. ಜನರು ಇಲಿಗಳನ್ನು ಕೊಂದು ಬಾಲಗಳನ್ನು ಕಟ್ಟುಕಟ್ಟಾಗಿ ತಂದು ಒಪ್ಪಿಸಿದರು. ಹೀಗೆ ಕೊಂದ ಇಲಿಗಳು 20 ಲಕ್ಷದಷ್ಟೆಂದು ಹೇಳುವರು. ಕೌಟಿಲ್ಯನ ಮೂಷಿಕಕರವು ಹೀಗೆ, ಕರದ ಬದಲು ಬಹುಮಾನವಾಗಿ, ಕಾಲ ಮೀರಿದ ಮೇಲೆ ಆಚರಣೆಗೆ ಬಂತು. ಅಕ್ಕಿಯೂ ಬಂತು, ಆದರೆ ತಡವಾಗಿ, ಸಾಲದಷ್ಟು. ಸಿಲ್ಚಾರಿನಿಂದ ಐಜಾಲಿಗೆ ಇದ್ದುದು ಒಂದು ಇಕ್ಕಟ್ಟಾದ ದಾರಿ; ಅಲ್ಲಿಂದ ಮುಂದೆ ದೂರದ ಊರುಗಳಿಗೆ ಮನುಷ್ಯರ ಬೆನ್ನೇ ಗತಿ. ವಿಮಾನಗಳಿಂದಲೂ ಅಕ್ಕಿಯ ಮೂಟೆಗಳನ್ನು ಕೆಡವಿದರು. ಜನರು ಕಾಡಿನ ಗೆಡ್ಡೆಗೆಣಸುಗಳನ್ನೂ ಬೈನೆಯಂಥ ಮರಗಳ ತಿರುಳನ್ನೂ ತಿಂದು ಕಾಲ ಹಾಕಿದರು.

ಇಲ್ಲಿ ಒಬ್ಬ ವ್ಯಕ್ತಿಯ ಪ್ರಸ್ತಾಪವನ್ನು ಮಾಡಬೇಕು. ಸೈನ್ಯದಲ್ಲಿ ಹವಾಲ್ದಾರನಾಗಿದ್ದು ಬಂದು ಜಿಲ್ಲಾ ಪರಿಷತ್ತಿನ ಕಚೇರಿಯಲ್ಲಿಯೇ ಗುಮಾಸ್ತೆಯಾಗಿದ್ದ ಲಾಲ್‌ಡೆಂಗಾ ಎಂಬಾತನು ಮಿಜೋ ಸಾಂಸ್ಕೃತಿಕ ಸಂಘವೊಂದರ ಕಾರ್ಯದರ್ಶಿಯಾಗಿದ್ದನು. ಕ್ಷಾಮವು ಬಂದಾಗ ಆ ಸಂಘವು 1960ರಲ್ಲಿ ಮಿಜೋ ರಾಷ್ಟ್ರೀಯ ಕ್ಷಾಮ ರಂಗವಾಗಿ ಮಾರ್ಪಟ್ಟಿತು. ಅದರ ತರುಣರು ಅಕ್ಕಿಯ ಮೂಟೆಗಳನ್ನು ಹೊತ್ತು ಬೆಟ್ಟ ಹತ್ತಿ ಒಳನಾಡಿನ ಊರುಗಳಿಗೆ ಮುಟ್ಟಿಸಿದರು. ಗೊತ್ತುವಳಿ ಮಾಡಿದ ಪರಿಷತ್ತು ಕೈಕಟ್ಟಿ ಕುಳಿತಿರುವಾಗ ಅದರ ಗುಮಾಸ್ತೆಯು ಮನೆಬಾಗಿಲಿಗೆ ಅನ್ನವನ್ನು ತಂದನು. ಜನರು ಯಾರ ಮಾತನ್ನು ಕೇಳುವರೆಂಬುದು ಅಲ್ಲಿಯೇ ನಿರ್ಣಯವಾಯಿತು. 1961ರ ಅಕ್ಟೋಬರಿನಲ್ಲಿ ಆ ರಂಗದ ಹೆಸರಿನಿಂದ ಕ್ಷಾಮವೆಂಬ ಶಬ್ದವು ಬಿದ್ದುಹೋಗಿ ಮಿಜೋ ರಾಷ್ಟ್ರೀಯ ರಂಗವೆಂಬ ರಾಜಕೀಯ ಪಕ್ಷವಾಯಿತು. ಸ್ವಾತಂತ್ರ್ಯವೇ ಅದರ ಗುರಿಯಾಯಿತು.

ಮುಂದಿನದನ್ನೆಲ್ಲ ಇಲಿಗಳ ಮೇಲೆ ಹೊರಿಸುವುದು ಸರಿಯಲ್ಲ. ಭಾರತದಿಂದ ಬೇರೆಯಾಗಬೇಕೆಂಬ ಮಾತು 1947ರಲ್ಲಿಯೇ ಕೆಲವರ ಬಾಯಲ್ಲಿತ್ತು. 1960ರಲ್ಲಿ ಅಸ್ಸಾಮೀ ಭಾಷೆಯನ್ನು ರಾಜ್ಯದ ಆಡಳಿತಭಾಷೆಯನ್ನಾಗಿ ಮಾಡಿದ ಶಾಸನವು ಬೆಟ್ಟದ ಜಿಲ್ಲೆಗಳೆಲ್ಲವನ್ನೂ ಕೆರಳಿಸಿತು. ಖಾಸಿ, ಗಾರೋ ನಾಯಕರೂ ಆಗ ಪ್ರತ್ಯೇಕ ರಾಜ್ಯವನ್ನು ಕೇಳತೊಡಗಿದರು. ಅವರಿಗೆ ಮೌತಾಮ್ ಇರಲಿಲ್ಲ. ಆದರೆ ಖಾಸಿ ಬೆಟ್ಟಗಳಲ್ಲಿ ಹೋರಾಟವು ಸಭೆ ಮೆರವಣಿಗೆಗಳಲ್ಲಿಯೇ ನಡೆದು 1972ರಲ್ಲಿ ಮೇಘಾಲಯ ರಾಜ್ಯದಲ್ಲಿ ಮುಗಿಯಿತು, ಮಿಜೋ ಬೆಟ್ಟಗಳಲ್ಲಿ ಶಸ್ತ್ರವನ್ನು ಹಿಡಿಯಿತು. ಈ ವ್ಯತ್ಯಾಸಕ್ಕೆ ಬರ್ಮಾ ಮತ್ತು ಪೂರ್ವ ಪಾಕಿಸ್ತಾನದ ಗಡಿಗಳ ಸಾಮೀಪ್ಯವೂ ಒಂದು ಕಾರಣ. ಆದರೂ ಜಿಲ್ಲಾ ಪರಿಷತ್ತನ್ನು ಕಟ್ಟಿ, ಭಾರತದೊಳಗೆ ಇರೋಣವೆಂದು ಜನರನ್ನು ಒಪ್ಪಿಸಿದ್ದ ಮಿಜೋ ಯೂನಿಯನ್ನಿನ ಮಾತಿಗೆ 1958ರ ಬಳಿಕ ಮೊದಲಿನ ತೂಕವು ಉಳಿಯದೆ ಹೋದುದನ್ನು ಕಾರಣಗಳಲ್ಲಿ ಮುಂದಾಗಿ ಎಣಿಸಬೇಕೆಂದು ನಮಗೆ ತೋರುವುದು. ಸರ್ಕಾರಕ್ಕೆ ವಿಧಿಪೂರ್ವಕವಾಗಿ ವಿಜ್ಞಾಪಿಸಿದವರು ಅವರು. ಜನರ ಕಣ್ಣಿನಲ್ಲಿ ಬರಿಗೈಯಾದವರೂ ಅವರೇ.

1966ರ ಫೆಬ್ರವರಿ 28ರ ರಾತ್ರಿ ದಂಗೆಯು ಎದ್ದಿತು. ಮಾರ್ಚ್ 1ರಂದು ಸ್ವಾತಂತ್ರ್ಯಘೋಷಣೆಯಾಯಿತು. 5ರಂದು ಭಾರತದ ವಾಯುಸೇನೆಯು ಐಜಾಲಿನ ಮೇಲೆ ದಾಳಿಮಾಡಿತು. 1967ರಿಂದ ನೂರಾರು ಊರುಗಳನ್ನು ಬೆಟ್ಟದ ನೆತ್ತಿಯಿಂದ ಎಬ್ಬಿಸಿ, ಹಳೆಯ ಮನೆಗಳನ್ನು ಸುಟ್ಟು, ಹೆದ್ದಾರಿಯ ಬದಿಗೆ ಕೂಡಿಹಾಕಿದರು. ದೂರದ ಕುಮರಿಯ ಹೊಲಗಳು ಬಿತ್ತುವವರಿಲ್ಲದೆ ಹಾಳುಬಿದ್ದುವು. ಈತಿಬಾಧೆಗಳ ಪಟ್ಟಿಯಲ್ಲಿ ಇಲಿಯ ಹೆಸರನ್ನೂ ಸಮೀಪದಲ್ಲಿ ಬೀಡುಬಿಟ್ಟ ದಂಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದೇಕೆಂಬುದು ಇದನ್ನು ಓದಿದ ದಿನ ನಮಗೆ ತಿಳಿಯಿತು.

1972ರ ಜನವರಿಯಲ್ಲಿ ಮಿಜೋ ಜಿಲ್ಲೆಯು ಅಸ್ಸಾಮಿನಿಂದ ಬೇರ್ಪಟ್ಟು ಕೇಂದ್ರಾಡಳಿತ ಪ್ರದೇಶವಾಯಿತು. ಅದೇ ವರ್ಷ ಜಿಲ್ಲಾ ಪರಿಷತ್ತು ಕೊನೆಗೊಂಡಿತು. 1986ರ ಜೂನ್ 30ರಂದು ಒಪ್ಪಂದಕ್ಕೆ ಸಹಿಯಾಗಿ, 1987ರ ಫೆಬ್ರವರಿ 20ರಂದು ಮಿಜೋರಾಂ ರಾಜ್ಯವು ಹುಟ್ಟಿತು. ಪರಿಷತ್ತಿನ ಹಳೆಯ ಗುಮಾಸ್ತೆಯಾದ ಲಾಲ್‌ಡೆಂಗಾ ಅವರು ಮುಖ್ಯಮಂತ್ರಿಯಾದರು. 1959ಕ್ಕೆ ನಾಲ್ವತ್ತೆಂಟನ್ನು ಕೂಡಿಸಿದರೆ 2007. ಆ ಲೆಕ್ಕವನ್ನು ಈ ಸಾರಿ ಯಾರೂ ಅವಿಜ್ಞಾನವೆನ್ನಲಿಲ್ಲ. ರಾಜ್ಯ ಸರ್ಕಾರವು ಬಿದಿರಿನ ಹೂವು ಮತ್ತು ಕ್ಷಾಮದ ನಿವಾರಣೆಗೆಂದೇ ಒಂದು ಯೋಜನೆಯನ್ನು ಮುಂಚಿತವಾಗಿ ಸಿದ್ಧಪಡಿಸಿತ್ತು. ಕೇಂದ್ರವೂ ಹಣವನ್ನು ಕೊಟ್ಟಿತು. ವಿದೇಶಗಳ ವಿದ್ವಾಂಸರೂ ಇಲಿಗಳನ್ನು ಪರೀಕ್ಷಿಸಲು ಬಂದರು. 2006-07ರಲ್ಲಿ ಬಿದಿರು ಹೂ ಬಿಟ್ಟಿತು, ಬೆಳೆಯೂ ಹೇರಳವಾಗಿ ನಾಶವಾಯಿತು. ರೈತರು ಬಹಳ ಕಷ್ಟಪಟ್ಟರು. ಆದರೆ 1959ರ ಘೋರವು ಮರುಕಳಿಸಲಿಲ್ಲ.

ದಕ್ಷಿಣದ ಪಾವಿ-ಲಾಖೇರ್ ಪ್ರಾದೇಶಿಕ ಪರಿಷತ್ತಿನ ಗತಿ ಏನಾಯಿತೆಂದು ವಾಚಕರು ಕೇಳಬಹುದು. 1972ರಲ್ಲಿ ಅದು ಮೂರಾಗಿ ಒಡೆಯಿತು. ಪಾವಿ, ಲಾಖೇರ್ ಎಂಬ ಪರರು ಇಟ್ಟ ಹೆಸರುಗಳು 1988ರಲ್ಲಿ ಹೋಗಿ, ಲಾಯ್, ಮಾರಾ ಎಂಬ ತಮ್ಮವೇ ಹೆಸರುಗಳು ಬಂದುವು. ಚಕ್ಮಾ ಪರಿಷತ್ತು ಮೂರನೆಯದು. ಲೌಂಗ್‌ಟ್ಲಾಯ್, ಸಿಯಾಹಾ, ಕಮಲಾನಗರಗಳಲ್ಲಿ ಅವುಗಳ ಕಚೇರಿಗಳಿವೆ. ಆರನೆಯ ಅನುಸೂಚಿಯ ಕೆಳಗೆ ಮಿಜೋರಾಮಿನಲ್ಲಿ ಉಳಿದಿರುವ ಸ್ವಾಯತ್ತ ಪರಿಷತ್ತುಗಳು ಇವು ಮೂರೇ. ತಮ್ಮ ಪಾಲಿನ ಹಣವು ರಾಜ್ಯದ ಬೊಕ್ಕಸದ ಮೂಲಕ ಬರುವುದರ ಬದಲು ದೆಹಲಿಯಿಂದ ನೇರವಾಗಿ ಬರಬೇಕೆಂಬುದು ಅವುಗಳ ಬಹುಕಾಲದ ಬೇಡಿಕೆ. ಆ ವಿಜ್ಞಾಪನೆಗಳು ಹಿಂದೆ ಶಿಲ್ಲಾಂಗಿಗೆ ಹೋಗುತ್ತಿದ್ದ ಹಾಗೆ ಈಗ ಐಜಾಲಿಗೆ ಹೋಗುವುವು.